ಹಬ್ಬದ ದಿನವೇ ಹುಟ್ಟಿದ ಮಗಳು

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಅವಳ ಹುಟ್ಟುಹಬ್ಬ ಜನವರಿ 15, ಸಂಕ್ರಾಂತಿ. ಒಲೆ ಮೇಲೆ ಹುಗ್ಗಿ ಇಟ್ಟಿದ್ದಾಗಲೇ ಆಸ್ಪತ್ರೆಯಿಂದ ಫೋನ್ ಬಂತು ಅಂತ ನಮ್ಮತ್ತೆ ಈಗಲೂ ಎಲ್ಲರ ಹತ್ತಿರ ಹೇಳುತ್ತಾರೆ. ಹಬ್ಬಕ್ಕೆ ನಾದಿನಿಯರು, ಮೈದುನ, ಅವರ ಮಕ್ಕಳು ಎಲ್ಲ ನಮ್ಮ ಮನೆಗೇ ಬರುತ್ತಾರೆ. ಸಂಜೆ ಆರತಿ ಮುಗಿದ ಮೇಲೆ ಇವಳಿಗೂ ಒಂದು ಕೇಕ್ ತಂದು ಕಟ್ ಮಾಡಿಸುತ್ತಿದ್ದೆವು. ಹೋದ ವರ್ಷ ಕೇಕಿನ ಮುಂದೆ ನಿಲ್ಲಲು ರೂಮಿನಿಂದ ಹೊರಗೇ ಬರಲಿಲ್ಲ. ಈ ಸಲ ಹದಿನೈದು ತುಂಬುತ್ತದೆ, ಚೆನ್ನಾಗಿ ಮಾಡೋಣ ಅಂದರೆ "ಏನೂ ಬೇಡ, ನಿಮ್ಮ ಹಬ್ಬ ನೀವು ಮಾಡ್ಕೊಳಿ" ಅನ್ನುತ್ತಾಳೆ. ಫ್ರೆಂಡ್ಸ್ ಜೊತೆ ಪಿಜ್ಜಾ ತಿನ್ನಲು ಹೋಗಬೇಕಂತೆ. ಹಬ್ಬದ ದಿನ ಹೆಣ್ಣುಮಗು ಹೊರಗೆ ಹೋಗೋದಾ ಎಂದು ಅತ್ತೆ ನೊಂದುಕೊಂಡಿದ್ದಾರೆ. ಕ್ಯಾಂಡಲ್ ಊದಿ ಆರಿಸುವುದು, ಮೊಟ್ಟೆ ಹಾಕಿದ ಕೇಕು, ಇದೆಲ್ಲ ಅವರಿಗೆ ಮೊದಲಿಂದಲೂ ಆಗುವುದಿಲ್ಲ. ಯಜಮಾನರು "ನೀವು ನೀವೇ ನೋಡ್ಕೊಳಿ" ಎಂದುಬಿಟ್ಟಿದ್ದಾರೆ. ಮಗಳು ಸ್ವಾರ್ಥಿ ಆಗುತ್ತಿದ್ದಾಳಾ? ಹಬ್ಬವೂ ಕೆಡಬಾರದು, ಅವಳ ಮನಸ್ಸೂ ನೋಯಬಾರದು. ಮನೆಯಲ್ಲೇ ಹೇಗೆ ಮಾಡಲಿ?
ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮ ಮಗಳು ಸ್ವಾರ್ಥಿಯಲ್ಲ. ಮೊದಲು ಆ ಭಯವನ್ನು ಬಿಡಿ. ಬೇರೆ ಮಕ್ಕಳಿಗೆ ಹಬ್ಬ ಬೇರೆ, ಹುಟ್ಟುಹಬ್ಬ ಬೇರೆ. ಇವಳಿಗೆ ಎರಡೂ ಒಂದೇ ದಿನ ಬರುತ್ತವೆ, ಅದೂ ಎಂದೋ ಒಂದು ಸಲ ಅಲ್ಲ. ಗೌರಿ-ಗಣೇಶ, ದೀಪಾವಳಿ ಚಾಂದ್ರಮಾನದ ಹಬ್ಬಗಳು, ತಾರೀಕು ವರ್ಷ ವರ್ಷವೂ ಓಡಾಡುತ್ತಿರುತ್ತದೆ. ಗಣೇಶನ ಹಬ್ಬದ ದಿನ ಹುಟ್ಟಿದ ಮಗುವಿಗೆ ಮುಂದಿನ ವರ್ಷವೇ ಬಿಡುಗಡೆ. ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ನಮ್ಮ ಕಾಲದಲ್ಲಿ ಜನವರಿ 14 ಅಥವಾ 15ನ್ನು ಬಿಟ್ಟು ಕದಲುವುದಿಲ್ಲ. ಹಬ್ಬ 14ಕ್ಕೇ ಬಂದ ವರ್ಷವೂ 15ರಂದು ನಿಮ್ಮ ಮನೆಯಲ್ಲಿ ನೆಂಟರು ಇದ್ದೇ ಇರುತ್ತಾರೆ, ನೀವು ಸುಸ್ತಾಗಿ ಕೂತಿರುತ್ತೀರಿ.

ಅವಳ ಕಡೆಯಿಂದ ಒಮ್ಮೆ ನೋಡಿ. ಪ್ರೈಮರಿ ಶಾಲೆಯಲ್ಲಿ ಹುಟ್ಟುಹಬ್ಬದ ದಿನ ಕಲರ್ ಡ್ರೆಸ್ ಹಾಕಿಕೊಂಡು ಹೋಗುವುದು, ಇಡೀ ಕ್ಲಾಸು ಎದ್ದು ನಿಂತು ಹಾಡುವುದು, ಆಪ್ತ ಗೆಳತಿಯನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಚಾಕೊಲೇಟ್ ಹಂಚಲು ಹೋಗುವುದು, ಇದಕ್ಕಿಂತ ದೊಡ್ಡ ಮರ್ಯಾದೆ ಮಕ್ಕಳ ಲೋಕದಲ್ಲಿ ಇಲ್ಲ. ನಿಮ್ಮ ಮಗಳಿಗೆ ಹೆಚ್ಚಿನ ವರ್ಷ ಅಂದು ಶಾಲೆಗೆ ರಜೆ. ಗೆಳತಿಯರನ್ನು ಮನೆಗೆ ಕರೆಯೋಣವೆಂದರೆ ಅವರ ಮನೆಗಳಲ್ಲೂ ಹಬ್ಬ. ಈ ನಷ್ಟವನ್ನು ಯಾರೂ ಅವಳಿಗೆ ಬೇಕೆಂದು ಮಾಡಿದ್ದಲ್ಲ, ಹಾಗಾಗಿಯೇ ಯಾರ ಹತ್ತಿರವೂ ಹೇಳಿಕೊಳ್ಳಲು ಅವಳಿಗೆ ಆಗಿಲ್ಲ.

ಇನ್ನೊಂದು ವಿಷಯ, ನನಗೆ ಮುಖ್ಯವಾಗಿ ಕಾಣುವುದು ಇದು. ಅವಳು ಚಿಕ್ಕವಳಿದ್ದಾಗ ಸಂಕ್ರಾಂತಿ ಅವಳದೇ ಹಬ್ಬವಾಗಿತ್ತು. ಐದು ವರ್ಷದವರೆಗೆ ನಮ್ಮ ಕಡೆ ಮಕ್ಕಳಿಗೆ ಎಲಚಿ ಹಣ್ಣು ಎರೆಯುತ್ತೇವಲ್ಲ, ಸಂಜೆ ಹೊಸ ಬಟ್ಟೆ ತೊಡಿಸಿ, ಮಣೆ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿದ ಸೇರನ್ನು ನೆತ್ತಿಯಿಂದ ಸುರಿದು, ಸುತ್ತ ನಿಂತ ಮಕ್ಕಳೆಲ್ಲ ಕಾಸು ಆಯಲು ಬಿದ್ದೆದ್ದು, ಕೊನೆಗೆ ಆರತಿ. ಆ ಮಣೆ ಮೇಲೆ ಕೂತ ನೆನಪು ಅವಳಿಗೆ ಮಸುಕಾಗಿಯಾದರೂ ಇರುತ್ತದೆ. ಐದು ದಾಟಿದ ಮೇಲೆ ಆ ಮಣೆ ಮೈದುನನ ಮಕ್ಕಳಿಗೆ ಹೋಯಿತು. ಇವಳ ಕೈಗೆ ಎಳ್ಳು ಬೀರುವ ತಟ್ಟೆ ಬಂತು. ಬೀದಿಯ ಮನೆಮನೆಗೂ ಹೋಗಿ, ಆಂಟಿಯರ ಕೈಗೆ ಪೊಟ್ಟಣ ಕೊಟ್ಟು, "ಎಷ್ಟು ಉದ್ದ ಬೆಳೆದ್ಬಿಟ್ಟಿದ್ದೀಯೇ, ಮುಖದ ತುಂಬ ಮೊಡವೆ ಯಾಕೆ, ಎಷ್ಟು ಪರ್ಸೆಂಟು" ಎಂಬ ಪ್ರಶ್ನೆಗಳಿಗೆ ನಕ್ಕು ಬರಬೇಕು. ಬಂದ ಮೇಲೆ ನೆಂಟರಿಗೆ ಎಲೆ ಹಾಕಬೇಕು. ಅಷ್ಟೆಲ್ಲ ಆದಮೇಲೆ, ಎಲ್ಲರೂ ಆಕಳಿಸುವ ಹೊತ್ತಿಗೆ, ಕೇಕು. ಹದಿನಾಲ್ಕು ವರ್ಷದ ಹುಡುಗಿಗೆ ಹದಿನೈದು ಜನ ಹಿರಿಯರ ಮುಂದೆ ನಿಂತು ಚಪ್ಪಾಳೆ ತಟ್ಟಿಸಿಕೊಳ್ಳುವುದೇ ಮುಜುಗರ. ಅದರ ಮೇಲೆ ಸೋದರತ್ತೆಯೊಬ್ಬರು ಬಾಯಿಗೆ ಕೇಕ್ ತುರುಕುವುದನ್ನು ಚಿಕ್ಕಪ್ಪ ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದರೆ, ಅವಳು ಮುಂದಿನ ವರ್ಷ ಬಾಗಿಲು ಹಾಕಿಕೊಳ್ಳದೆ ಇನ್ನೇನು ಮಾಡಿಯಾಳು?

ಆದ್ದರಿಂದ ನನ್ನ ಸಲಹೆ ಇಷ್ಟೇ: ಎರಡನ್ನೂ ಸೇರಿಸಲು ಹೋಗಬೇಡಿ, ಬೇರೆ ಮಾಡಿ. ಹಬ್ಬದ ಕೊನೆಗೆ ಹುಟ್ಟುಹಬ್ಬವನ್ನು ಅಂಟಿಸುವುದನ್ನು ಈ ವರ್ಷದಿಂದ ನಿಲ್ಲಿಸಿ.

ಜನವರಿ 15ರ ಬೆಳಿಗ್ಗೆ, ಒಲೆ ಹಚ್ಚುವುದಕ್ಕೆ ಮೊದಲು, ನೀವೂ ನಿಮ್ಮ ಯಜಮಾನರೂ ಅವಳ ಹಾಸಿಗೆಯ ಹತ್ತಿರ ಹೋಗಿ ಕೂರಿ. ಅರ್ಧ ಗಂಟೆ ಸಾಕು. ಅವಳಿಗೆ ಕೊಡಬೇಕೆಂದಿರುವುದನ್ನು ಆಗಲೇ ಕೊಡಿ. ಹಬ್ಬದ ದಿನ ನಿಮಗೆ ಆ ಅರ್ಧ ಗಂಟೆ ಎಷ್ಟು ದುಬಾರಿ ಎಂದು ನನಗೆ ಗೊತ್ತು. ತಲೆ ಸ್ನಾನ, ರಂಗೋಲಿ, ಅವರೆಕಾಳು, ಕುಕ್ಕರಿನಲ್ಲಿ ಗೆಣಸು, ಎಲ್ಲ ನಿಮ್ಮ ತಲೆ ಮೇಲೇ ಇರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ. ದಿನವೆಲ್ಲ ಮುಗಿದು ಮಿಕ್ಕಿದ ಹೊತ್ತು ತನ್ನ ಪಾಲಿಗೆ ಬರುತ್ತಿದೆ ಎಂಬುದನ್ನು ಮಕ್ಕಳು ಬೇಗ ಗುರುತಿಸುತ್ತಾರೆ. ಮೊದಲ ಹೊತ್ತು ತನಗೆ ಬಂತು ಎಂಬುದನ್ನೂ ಅಷ್ಟೇ ಬೇಗ ಗುರುತಿಸುತ್ತಾರೆ. ಅಂದು ಸಂಜೆ ಕೇಕು ಬೇಡ. ಅವಳಾಗಿ ಕೇಳಿದರೆ ಮಾತ್ರ.

ಗೆಳತಿಯರ ಜೊತೆಗಿನ ಆಚರಣೆ ಹಬ್ಬದ ನಂತರದ ಭಾನುವಾರ ಇರಲಿ, ನಿಮ್ಮ ಮನೆಯಲ್ಲೇ ಆಗಲಿ. ಪಿಜ್ಜಾ ಅಂಗಡಿಗೇ ಹೋಗಬೇಕೆಂದು ಅವಳಿಗೆ ನಿಜಕ್ಕೂ ಹಟವಿದೆಯೋ ಅಥವಾ ಮನೆಯಲ್ಲಿ ತನಗೆ ಜಾಗವಿಲ್ಲವೆಂದು ಹಾಗೆ ಹೇಳುತ್ತಿದ್ದಾಳೋ, ಕೇಳಿ ನೋಡಿ. ಪಿಜ್ಜಾ ಮನೆಗೂ ಬರುತ್ತದೆ. ಮುಂದಿನ ಕೋಣೆಯನ್ನೋ ತಾರಸಿಯನ್ನೋ ಮಧ್ಯಾಹ್ನ ಮೂರರಿಂದ ಆರರವರೆಗೆ ಅವರಿಗೆ ಬಿಟ್ಟುಕೊಡಿ. ಒಂದೂವರೆ ಸಾವಿರವೋ ಎರಡು ಸಾವಿರವೋ, ನಿಮ್ಮ ಕೈಲಾದ ಮೊತ್ತವನ್ನು ಅವಳ ಕೈಗೇ ಕೊಟ್ಟು, ಯಾರನ್ನು ಕರೆಯಬೇಕು, ಏನು ತರಿಸಬೇಕು ಎಂಬುದನ್ನು ಅವಳಿಗೇ ಬಿಡಿ. ಹಣ ಕಡಿಮೆ ಬಿದ್ದರೆ ಅವಳೇ ಹೊಂದಿಸಿಕೊಳ್ಳಲಿ, ಓಡಿ ಹೋಗಿ ತುಂಬಿಕೊಡಬೇಡಿ. ಕ್ಲಾಸಿನ ಹುಡುಗರನ್ನೂ ಕರೆಯುತ್ತೇನೆ ಎಂದರೆ ಗಾಬರಿಯಾಗಬೇಡಿ, ಆದರೆ ಆ ವಿಷಯ ಅತ್ತೆಗೆ ಮೊದಲೇ ತಿಳಿದಿರಲಿ. ಬಾಗಿಲಲ್ಲಿ ಹುಡುಗರನ್ನು ನೋಡಿ ಅವರು ಏನಾದರೂ ಅಂದುಬಿಟ್ಟರೆ ಮಗಳು ಅದನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ನೀವು ಮನೆಯಲ್ಲಿರಿ, ಒಮ್ಮೆ ಜ್ಯೂಸು ಕೊಟ್ಟು ಬನ್ನಿ, ಅಲ್ಲೇ ಕೂತುಬಿಡಬೇಡಿ. ಫೋಟೊ ಸ್ಟೇಟಸ್ಸಿಗೆ ಹಾಕುವ ಮೊದಲು ಅವಳನ್ನು ಕೇಳಿ. ಬೇಡ ಎಂದರೆ ಬೇಡ.

ಮೊಟ್ಟೆಯ ಪ್ರಶ್ನೆ ಹಗುರವಾದದ್ದು. ಮೊಟ್ಟೆ ಇಲ್ಲದ ಕೇಕಿಗೆ ಹೆಸರಾದ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದವರು ಹಾಸನ ಕಡೆಯವರೇ. ಮಂಡ್ಯದಲ್ಲಿ ಎಗ್‌ಲೆಸ್ ಕೇಕ್ ಹುಡುಕಲು ನೀವು ಕಷ್ಟಪಡಬೇಕಾಗಿಲ್ಲ.

ದೀಪ ಆರಿಸುವ ಮಾತು ಹಾಗಲ್ಲ. ಅದು ನಿಮ್ಮತ್ತೆಯವರ ಮನಸ್ಸಿಗೆ ತಾಗುವ ವಿಷಯ, ಅದನ್ನು ಹಳೇ ಕಾಲದ್ದು ಎಂದು ತಳ್ಳಿಹಾಕಬಾರದು. ಮಗುವಿನ ಶುಭದಿನ ದೀಪ ಹಚ್ಚುವುದನ್ನು ಬಿಟ್ಟು ಆರಿಸುವುದು ಅವರಿಗೆ ಸಂಕಟ ತರುತ್ತದೆ. ಅವರಿಗೆ ಅವರದೇ ಒಂದು ದಿನ ಕೊಡಿ. ಮಗಳು ಹುಟ್ಟಿದ ತಿಥಿ, ನಕ್ಷತ್ರ ನಿಮ್ಮ ಮನೆಯ ಜಾತಕದಲ್ಲಿ ಬರೆದಿಟ್ಟಿರುತ್ತದೆ. ತಿಥಿ ಚಂದ್ರನ ಲೆಕ್ಕದ್ದಾದ್ದರಿಂದ ಅದು ಸಂಕ್ರಾಂತಿಯ ದಿನವೇ ಬಂದು ಕೂರುವುದು ಅಪರೂಪ. ಆ ದಿನ ಬೆಳಿಗ್ಗೆ ಅಜ್ಜಿ ಮೊಮ್ಮಗಳಿಗೆ ಎಣ್ಣೆ ಒತ್ತಲಿ, ಪಾಯಸ ಮಾಡಲಿ, ಆರತಿ ಎತ್ತಲಿ. ಅಲ್ಲಿ ಅವರು ಹೇಳಿದ್ದೇ ನಡೆಯಲಿ. ಭಾನುವಾರ ಗೆಳತಿಯರ ಮಧ್ಯೆ ಕ್ಯಾಂಡಲ್ ಇರಬೇಕೋ ಬೇಡವೋ ಎಂಬುದು ಮಗಳ ಆಯ್ಕೆ, ಅಲ್ಲಿ ಅಜ್ಜಿ ಇರಲೇಬೇಕೆಂದಿಲ್ಲ.

ಒಬ್ಬಳಿಗೆ ಎಷ್ಟು ಹುಟ್ಟುಹಬ್ಬ ಎಂದು ಅತ್ತೆ ಕೇಳಿದರೆ ಸ್ವಾಮಿ ವಿವೇಕಾನಂದರ ಹೆಸರು ಹೇಳಿ. ಅವರು ಹುಟ್ಟಿದ್ದು 1863ರ ಜನವರಿ 12ರಂದು. ಅಂದು ಮಕರ ಸಂಕ್ರಾಂತಿ! ಸಂಕ್ರಾಂತಿಯನ್ನು ಲೆಕ್ಕ ಹಾಕುವ ನಿರಯನ ವರ್ಷ ನಮ್ಮ ಕ್ಯಾಲೆಂಡರ್ ವರ್ಷಕ್ಕಿಂತ ಸ್ವಲ್ಪ ಉದ್ದ, ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಹಬ್ಬ ಮುಂದಕ್ಕೆ ಸರಿಯುತ್ತದೆ. ಹಾಗಾಗಿ ಅವರ ಹುಟ್ಟಿದ ತಾರೀಕು ಈಗ ಸಂಕ್ರಾಂತಿಗೆ ಮೊದಲೇ ಬರುತ್ತದೆ. ಶಾಲೆಗಳಲ್ಲಿ ಜನವರಿ 12ಕ್ಕೆ ರಾಷ್ಟ್ರೀಯ ಯುವ ದಿನ, ರಾಮಕೃಷ್ಣ ಮಠಗಳಲ್ಲಿ ಪುಷ್ಯ ಬಹುಳ ಸಪ್ತಮಿಯ ತಿಥಿಗೆ ಜಯಂತಿ. ಒಬ್ಬರಿಗೆ ಎರಡು ದಿನ, ಎರಡೂ ಶ್ರದ್ಧೆಯಿಂದಲೇ ನಡೆಯುತ್ತವೆ. ಮಗಳಿಗೂ ಇದನ್ನು ಹೇಳಿ. ತನ್ನ ಹಾಗೆಯೇ ಹಬ್ಬದ ದಿನ ಹುಟ್ಟಿದವರೊಬ್ಬರು ಇದ್ದರು ಎಂಬುದು ಅವಳಿಗೆ ಖುಷಿ ಕೊಟ್ಟೀತು.

ಇದನ್ನೆಲ್ಲ ಅವಳ ಜೊತೆ ಮಾತಾಡುವುದು ಹೇಗೆ? ಎದುರಿಗೆ ಕೂರಿಸಿಕೊಂಡು "ನಿನಗೇನು ಬೇಕು ಹೇಳು" ಎಂದರೆ ಮತ್ತೆ "ಏನೂ ಬೇಡ" ಎಂದೇ ಉತ್ತರ ಬರುತ್ತದೆ. ಈ ವಯಸ್ಸಿನ ಮಕ್ಕಳ ಕೈಗೆ ಏನಾದರೂ ಕೆಲಸವಿದ್ದಾಗ, ಕಣ್ಣು ಬೇರೆಡೆ ಇದ್ದಾಗ ಮಾತು ಸಲೀಸಾಗಿ ಬರುತ್ತದೆ. ಹಬ್ಬಕ್ಕೆ ಎರಡು ವಾರ ಮುಂಚೆ ನೀವು ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಮೊರಕ್ಕೆ ಹಾಕಿ ಬಿಸಿಲಿಗೆ ಇಡುತ್ತೀರಲ್ಲ, ಆಗ ಅವಳೂ ಪಕ್ಕದಲ್ಲಿ ಒಂದು ಚಾಕು ಹಿಡಿದು ಕೂತರೆ ಅದೇ ಸರಿಯಾದ ಹೊತ್ತು. "ಪ್ರತಿ ವರ್ಷ ನಿನ್ನ ದಿನ ಹಬ್ಬದಲ್ಲಿ ಕಳೆದುಹೋಗುತ್ತೆ ಅಲ್ವಾ" ಎಂದು ನೀವೇ ಮೊದಲು ಹೇಳಿ. ಆಮೇಲೆ ಸುಮ್ಮನಿರಿ. ಅಜ್ಜಿಯ ಪರ, ಅತ್ತೆಯರ ಪರ ವಾದ ಮಾಡಬೇಡಿ. ಅವಳು ಅತ್ತರೆ ಅಳಲಿ.

ಮಗ ಇದ್ದಾನೋ ಇಲ್ಲವೋ ನೀವು ಬರೆದಿಲ್ಲ. ಹಬ್ಬಕ್ಕೆ ಬರುವ ಗಂಡುಮಕ್ಕಳಂತೂ ಇದ್ದೇ ಇರುತ್ತಾರೆ. ಅವರು ಮೊಬೈಲ್ ಹಿಡಿದು ಸೋಫಾದಲ್ಲಿ ಕೂತಿರುವಾಗ, ಹುಟ್ಟುಹಬ್ಬದ ಹುಡುಗಿ ಎಲೆ ಎತ್ತುತ್ತಿದ್ದರೆ ಅದು ಅನ್ಯಾಯ. ಎಷ್ಟೇ ಸಂಪ್ರದಾಯದ ಮನೆಯಾಗಿದ್ದರೂ ಇದನ್ನು ನಾನು ಒಪ್ಪುವುದಿಲ್ಲ. ಈ ಸಲ ಎಲೆ ಹಾಕುವುದೂ ಎತ್ತುವುದೂ ಅವರ ಪಾಲಿಗೆ ಬರಲಿ. ಎಳ್ಳು ಬೀರಲು ಹೋಗುವುದು ಅವಳಿಗೆ ಇಷ್ಟವಿದ್ದರೆ ಸಂತೋಷ. ಇಲ್ಲವಾದರೆ ನಾಲ್ಕು ಹತ್ತಿರದ ಮನೆಗೆ ಮಾತ್ರ ಹೋಗಿ ಬರಲಿ. ಉಳಿದದ್ದನ್ನು ಚಿಕ್ಕವರು ಕುಣಿಯುತ್ತ ಮಾಡುತ್ತಾರೆ.

ಒಂದು ಎಚ್ಚರಿಕೆ. ಅವಳ ಮೌನ ಹುಟ್ಟುಹಬ್ಬದ ವಿಷಯಕ್ಕೆ ಮಾತ್ರವೋ ಎಂದು ಗಮನಿಸಿ. ವಾರಗಟ್ಟಲೆ ನಿದ್ದೆ ಸರಿಯಿಲ್ಲದೆ, ಊಟ ಸೇರದೆ, ಗೆಳತಿಯರನ್ನೂ ದೂರ ಮಾಡಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ ಅದು ಬೇರೆ ಮಾತು. ಆಗ ತಡ ಮಾಡಬೇಡಿ. ಟೆಲಿ ಮಾನಸ್‌ನ 14416 ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಆದರೆ ಗೆಳತಿಯರ ಜೊತೆ ಪಿಜ್ಜಾ ತಿನ್ನಬೇಕೆನ್ನುವ ಹುಡುಗಿ ಬದುಕಿನ ಕಡೆಗೇ ಮುಖ ಮಾಡಿದ್ದಾಳೆ ಎಂದು ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿತು.

ಇನ್ನು ನಿಮ್ಮ ಯಜಮಾನರು. "ನೀವು ನೀವೇ ನೋಡ್ಕೊಳಿ" ಎಂಬುದು ಈ ಮನೆಯಲ್ಲಿ ನಡೆಯದು. ಅತ್ತೆ ಅವರ ತಾಯಿ, ನಾದಿನಿಯರು ಅವರ ಅಕ್ಕತಂಗಿಯರು, ಹುಡುಗಿ ಅವರ ಮಗಳು. ಸೊಸೆಯಾದ ನೀವು ಹೇಳಿದರೆ ಆಕ್ಷೇಪಣೆಯಾಗಿ ಕೇಳಿಸುವ ಮಾತು ಅವರ ಬಾಯಿಂದ ಬಂದರೆ ಸಾಧಾರಣ ಸುದ್ದಿಯಾಗುತ್ತದೆ. "ಅವ್ವ, ಈ ಸಲ ಹಬ್ಬದ ದಿನ ಕೇಕ್ ಬೇಡ, ಪಾಪುದು ತಿಥಿ ಯಾವತ್ತು ಬತ್ತದೆ ನೋಡಿ ಹೇಳು, ಅವತ್ತು ನಿನ್ನ ಕೈಯಲ್ಲೇ ಆರತಿ" ಎಂದು ಅವರೇ ತಾಯಿಯ ಹತ್ತಿರ ಕೂತು ಹೇಳಲಿ. ಅಕ್ಕತಂಗಿಯರಿಗೂ ಡಿಸೆಂಬರ್ ಮುಗಿಯುವುದರೊಳಗೆ ಅವರೇ ಫೋನ್ ಮಾಡಲಿ. ನೀವು ಮಾಡಬೇಡಿ.