ಕಾಲುವೆಗೆ ನೀರು ಬರುವ ಮುನ್ನ ಗೇರ್ ನೋಡಿಕೊಳ್ಳಿ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಿಂಧನೂರು ಸೀಮೆಯ ಟ್ರ್ಯಾಕ್ಟರ್‌ಗಳಿಗೆ ಪುರುಸೊತ್ತಿಲ್ಲ. ಇಲ್ಲಿ ಭತ್ತದ ಗದ್ದೆಗೆ ಕೆಸರು ಹೊಡೆದ ಗಾಡಿಯೇ ಮಸ್ಕಿ, ಲಿಂಗಸುಗೂರು ಕಡೆಯ ಎರೆ ಹೊಲಕ್ಕೂ ಬಾಡಿಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಗೇರಿನ ಒಂದು ಹಲ್ಲು ಮುರಿದರೂ ನಾಟಿಗೆ ಬಂದ ಆಳುಗಳು ಬದುವಿನ ಮೇಲೆ ಕೂರಬೇಕಾಗುತ್ತದೆ.

ಗೇರಿನ ಲೆಕ್ಕ ಸರಳ. 10 ಹಲ್ಲಿನ ಗೇರು 40 ಹಲ್ಲಿನದನ್ನು ತಿರುಗಿಸಿದರೆ ಸುತ್ತು ಕಾಲು ಭಾಗಕ್ಕೆ ಇಳಿದು, ಬಲ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ವೇಗ ಕೊಟ್ಟು ಬಲ ಕೊಳ್ಳುವ ವ್ಯಾಪಾರವಿದು. ಫಾರ್ಮುಲಾ ಒನ್ ರೇಸ್ ಕಾರಿಗೆ 2014ರಿಂದ ಮುಂದಕ್ಕೆ 8 ಗೇರ್. ನಮ್ಮ ಹಲವು ಟ್ರ್ಯಾಕ್ಟರ್‌ಗಳಿಗೂ ಮುಂದಕ್ಕೆ 8, ಹಿಂದಕ್ಕೆ 2. ಕಾರು ಗೇರಿನಿಂದ ಓಟ ಪಡೆದರೆ ಟ್ರ್ಯಾಕ್ಟರ್ ಎಳೆತ ಪಡೆಯುತ್ತದೆ.

1. ಮೊದಲು ಸುರಕ್ಷತೆ: ಎಂಜಿನ್ ನಿಲ್ಲಿಸಿ ಕೀಲಿ ತೆಗೆಯಿರಿ. ರೋಟಾವೇಟರ್ ಎತ್ತಿದ್ದರೆ ಕೆಳಗೆ ಗಟ್ಟಿ ಆಸರೆ ಕೊಡಿ. ಎಂಜಿನ್ನಿನ ಬಲವನ್ನು ರೋಟಾವೇಟರಿಗೆ ಒಯ್ಯುವ ಪಿಟಿಒ ಶಾಫ್ಟಿನ ಕವರ್ ಒಡೆದಿದ್ದರೆ ಹೊಸದು ಹಾಕಿಸಿ. ಲುಂಗಿ, ಟವೆಲಿನ ಅಂಚು ಸಿಕ್ಕರೆ ಜೀವಕ್ಕೇ ಅಪಾಯ.

2. ಆಯಿಲ್ ಪರೀಕ್ಷೆ: ರೋಟಾವೇಟರ್ ಗೇರ್‌ಬಾಕ್ಸಿನ ಕೆಳಗಿನ ಪ್ಲಗ್ ಬಿಚ್ಚಿ, ಸ್ವಲ್ಪ ಆಯಿಲನ್ನು ಬಿಳಿ ತಟ್ಟೆಗೆ ಬಿಡಿ. ಹಾಲು ಬೆರೆತ ಚಹಾದಂತೆ ಕಂಡರೆ ಒಳಗೆ ನೀರು ಸೇರಿದೆ. ಸೀಲ್ ಬದಲಿಸಿ, ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಬೇಕು. ಒಂದು ಹನಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಮಿನುಗುವ ಚೂರುಗಳು ತಾಗಿದರೆ ಹಲ್ಲೋ ಬೇರಿಂಗೋ ಸವೆಯುತ್ತಿದೆ, ಮೇಸ್ತ್ರಿಗೆ ತೋರಿಸಿ. ಯಾವ ನಂಬರಿನ ಆಯಿಲ್ ಎಂಬುದಕ್ಕೆ ಯಂತ್ರದ ಜೊತೆ ಬಂದ ಪುಸ್ತಿಕೆಯೇ ಪ್ರಮಾಣ.

3. ಕೆಸರಿಗೆ ತಕ್ಕ ಗೇರ್: ಲೋ ಬದಿಯ 1 ಅಥವಾ 2ನೇ ಗೇರ್‌ನಿಂದ ಶುರು ಮಾಡಿ. ಮೀಟರಿನಲ್ಲಿ ಪಿಟಿಒ 540 ಸುತ್ತಿನ ಗುರುತಿಗೆ ಎಂಜಿನ್ ವೇಗ ಹೊಂದಿಸಿ. ಬ್ಲೇಡಿನ ಸುತ್ತು ಎಂಜಿನ್ನಿನ ಕೈಲಿದೆ, ಮುಂದೆ ಸಾಗುವ ವೇಗ ಗೇರಿನ ಕೈಲಿದೆ. ಹೆಂಟೆ ಒಡೆಯದಿದ್ದರೆ ರೇಸ್ ಏರಿಸಬೇಡಿ, ಒಂದು ಗೇರ್ ಇಳಿಸಿ.

4. ಹೈ-ಲೋ ಲಿವರ್: ಗಾಡಿ ಪೂರ್ತಿ ನಿಂತ ಮೇಲೆ, ಕ್ಲಚ್ ಒತ್ತಿಯೇ ಬದಲಿಸಿ. ‘ಕರ್’ ಎಂದರೆ ಹಲ್ಲಿಗೆ ಹಲ್ಲು ಬಡಿಯುತ್ತಿದೆ.

5. ಚಕ್ರ ಹೂತಾಗ: ಒಂದೇ ಚಕ್ರ ಸುಮ್ಮನೆ ತಿರುಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಡಿಫರೆನ್ಶಿಯಲ್ ಲಾಕ್ ಒತ್ತಿ ನೇರವಾಗಿ ಹೊರಬನ್ನಿ. ತಿರುವಿಗೆ ಮುನ್ನ ಬಿಡಿ. ಲಾಕ್‌ನಲ್ಲೇ ತಿರುಗಿಸಿದರೆ ಒಳಗಿನ ಗೇರಿಗೆ ಪೆಟ್ಟು.

6. ಶಿಯರ್ ಬೋಲ್ಟ್: ಕಲ್ಲು ಸಿಕ್ಕಾಗ ತಾನು ಮುರಿದು ಗೇರ್ ಉಳಿಸುವುದೇ ಅದರ ಕೆಲಸ. ಪದೇಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಗೇರೇ. ಅದೇ ಅಳತೆಯ ಎರಡು ಬೋಲ್ಟ್ ಸೀಟಿನ ಕೆಳಗೆ ಇಟ್ಟುಕೊಂಡೇ ಗದ್ದೆಗಿಳಿಯಿರಿ.