ಟಾರು ರಸ್ತೆಯ ಕಣ

ಪುಟ್ಟಿ,

ಜನ ಬಳಸುವ ಯಾವುದಾದರೊಂದು ಜಾಗವನ್ನು ನೋಡಿ ಬರೆಯಬೇಕಂತೆ, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀಯ. ಅಹಮದಾಬಾದಿನಲ್ಲಿ ಕೂತು ಕೇಳುವ ಮಾತೇ ಇದು? ಎಲ್‌ಐಸಿಗಾಗಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ 1973ರ ಹೊತ್ತಿಗೆ ಕಟ್ಟಿಕೊಟ್ಟ ಮನೆಗಳನ್ನು ನೋಡಿ ಬಾ. ಕೆಳಗಿನ ಮನೆ ದೊಡ್ಡದು, ಮೇಲೇರಿದಂತೆ ಚಿಕ್ಕದು. ಹಾಗಾಗಿ ಮೇಲಿನವರಿಗೂ ಒಂದಿಷ್ಟು ಬಯಲು ತಾರಸಿ. ಸಂಸಾರ ಬೆಳೆದಂತೆ ಜನ ಆ ತಾರಸಿಯನ್ನೇ ಕೋಣೆ ಮಾಡಿಕೊಂಡರು. ದೋಶಿ ಅದಕ್ಕೆ ಕೊರಗಲಿಲ್ಲ. ಮುಂದೆ ಇಂದೋರಿನ ಅರಣ್ಯ ಅನ್ನುವ ಬಡಾವಣೆಯಲ್ಲಿ ಬಡವರ ನಿವೇಶನಕ್ಕೆ ತಳಪಾಯ, ನೀರು, ಶೌಚಾಲಯ ಕೊಟ್ಟು, ಉಳಿದದ್ದನ್ನು ಕಾಸು ಕೂಡಿದ ಹಾಗೆ ನೀವೇ ಕಟ್ಟಿಕೊಳ್ಳಿ ಅಂತ ಬಿಟ್ಟರು.

ಅಲ್ಲಿ ಕಟ್ಟಿದವರೇ ಜಾಗ ಬಿಟ್ಟಿದ್ದರು. ಯಾರೂ ಬಿಟ್ಟುಕೊಡದ ಜಾಗವನ್ನು ಜನ ಏನು ಮಾಡುತ್ತಾರೆ ಅಂತ ನೋಡಬೇಕಾದರೆ ಸಂಕ್ರಾಂತಿಗೆ ಊರಿಗೆ ಬಾ.

ನಮ್ಮ ನಾಗಮಂಗಲದ ಕಡೆ ಸುಗ್ಗಿಯಲ್ಲಿ ಅರ್ಧ ರಸ್ತೆ ಕಣವೇ. ರಾಗಿ, ಹುರುಳಿ ಹರಡಿರುತ್ತಾರೆ. ಬಸ್ಸು, ಲಾರಿ ಹಾಯುತ್ತವೆ, ಕಾಳು ಉದುರುತ್ತದೆ. ಡೀಸೆಲ್ ಅವರದು, ಒಕ್ಕಣೆ ಇವರದು. ತಪ್ಪೇ, ಅನುಮಾನವಿಲ್ಲ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿ ಬೈಕಿನವರು ಬಿದ್ದಿದ್ದಾರೆ, ಅಡಿಯಲ್ಲಿ ಸಿಕ್ಕ ಹುಲ್ಲಿಗೆ ಬಿಸಿ ತಾಗಿ ಕಾರುಗಳು ಹೊತ್ತಿಕೊಂಡಿವೆ. ಪೊಲೀಸರು ಬಂದು ಬೈದು ಹೋಗುತ್ತಾರೆ.

ಆದರೆ ಬೈಯುವ ಮೊದಲು ಲೆಕ್ಕ ಹಾಕು. ನಿನ್ನ ತಾತನ ಕಾಲದಲ್ಲಿ ಹೊಲದ ಮೂಲೆ ಕೆತ್ತಿ, ನೀರು ಚಿಮುಕಿಸಿ ನೆಲ ಗಟ್ಟಿ ಮಾಡಿ, ಸಗಣಿ ಬಗ್ಗಡ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತಿಗೆ ರೋಣಗಲ್ಲು ಕಟ್ಟಿ ಸುತ್ತಿಸುತ್ತಿದ್ದರು. ಈಗ ಎತ್ತಿಲ್ಲ, ಎತ್ತಿಲ್ಲದೆ ಸಗಣಿಯೂ ಇಲ್ಲ, ಕೈಯಾಳಾಗಬೇಕಾದ ಮಗ ಬೆಂಗಳೂರಿನಲ್ಲಿ. ಒಕ್ಕುವ ಯಂತ್ರ ಬಂದಿದೆ ನಿಜ, ಅರ್ಧ ಎಕರೆಯವಳ ಹೊಲಕ್ಕೆ ಅದು ಬರಬೇಕಲ್ಲ! ಗಟ್ಟಿ ನೆಲ, ಬಿಸಿಲು, ಉರುಳುವ ಚಕ್ರ, ಇಷ್ಟನ್ನೂ ರಸ್ತೆ ಪುಕ್ಕಟೆ ಕೊಡುತ್ತದೆ. ಊರಿನಲ್ಲಿ ಏನು ಕಳೆದುಹೋಗಿದೆ ಅನ್ನುವುದು ಆ ಟಾರಿನ ಮೇಲೆ ಹರಡಿ ಬಿದ್ದಿರುತ್ತದೆ, ಪುಟ್ಟಿ.

ನರೇಗಾದಲ್ಲಿ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಕೊಟ್ಟಿದ್ದಾರೆ. ನಾನು ಕಂಡ ಒಂದು ಕಣ ಚೊಕ್ಕವಾಗಿದೆ, ಗಾಡಿ ಓಡಾಟವೊಂದಿಲ್ಲ. ಅದಕ್ಕೇ ತೆನೆಯನ್ನು ರಸ್ತೆಯಲ್ಲೇ ಒಕ್ಕಿಸಿಕೊಂಡು, ಕಾಳು ಮಾತ್ರ ತಂದು ಅಲ್ಲಿ ಒಣಹಾಕುತ್ತಾರೆ. ಸಂಜೆ ಹುಡುಗರು ಗೆರೆ ಎಳೆದು ಶಟಲ್ ಆಡುತ್ತಾರೆ. ಎಸ್ಟಿಮೇಟಿನಲ್ಲಿ ಶಟಲ್ ಇರಲಿಲ್ಲ ಬಿಡು.

ಬಂದಾಗ ಮೊದಲು ಫೋನು ಒಳಗಿಡು. ಫೋಟೋ ಚೆನ್ನಾಗಿ ಬರುತ್ತದೆ, ಅದೇ ತೊಂದರೆ. ಚೆನ್ನಾಗಿ ಬಂದಮೇಲೆ ಯಾರೂ ಎರಡನೇ ಸಲ ನೋಡುವುದಿಲ್ಲ. ತಿರುವನ್ನು ಬಿಟ್ಟು, ಮರದ ನೆರಳನ್ನೂ ಬಿಟ್ಟು ಆ ತುಂಡು ರಸ್ತೆಯನ್ನೇ ಯಾಕೆ ಆರಿಸಿಕೊಂಡರು? ಕಾಳಿನ ಸುತ್ತ ಇಟ್ಟ ಕಲ್ಲುಗಳನ್ನು ರಾತ್ರಿ ಯಾರು ತೆಗೆಯುತ್ತಾರೆ, ಅಥವಾ ತೆಗೆಯುವುದೇ ಇಲ್ಲವೇ? ಹುಲ್ಲು ತಿರುವಿಹಾಕುವುದು ಹೆಚ್ಚಾಗಿ ಹೆಂಗಸರು. ಅವರು ಎಲೆಯಡಿಕೆಗೆ ಕೂತಾಗ ಪಕ್ಕ ಕೂರು. ಪ್ರಶ್ನೆಪತ್ರಿಕೆ ಹಿಡಿದು ಹೋದರೆ, ರಸ್ತೆ ತೆರವು ಮಾಡಿಸಲು ಬಂದವಳು ಅಂದುಕೊಂಡು ಎದ್ದು ಹೋದಾರು.

ಮತ್ತೆ, ಗೆಳತಿಯ ಸ್ಕೂಟರ್ ಹತ್ತಿ ಬರಬೇಡ. ಬಸ್ಸಿನಲ್ಲೇ ಬಾ.

ಇಂತಿ,
ನಿನ್ನ ದೊಡ್ಡಪ್ಪ