ಹಳೆಯ ಪಿಕಪ್ ಗಾಡಿಗೆ ತಕ್ಕ ಬಣ್ಣ

ಹಳೆಯ ಮೋಟಾರುಗಳನ್ನು ಹುಡುಕಿ ತಂದು, ರಿಪೇರಿ ಮಾಡಿಸಿ, ಮೊದಲಿನ ರೂಪಕ್ಕೆ ತರುವ ಹವ್ಯಾಸ ಈಗ ನಮ್ಮ ದೇಶದಲ್ಲಿಯೂ ಬೆಳೆದಿದೆ. ಧರ್ಮಸ್ಥಳಕ್ಕೆ ಹೋಗಿ ಬಂದವರು ಅಲ್ಲಿಯ ಕಾರುಗಳ ಸಂಗ್ರಹಾಲಯವನ್ನು ಕಂಡಿರಬಹುದು. ಕಾಶಿಯಲ್ಲಿರುವ ನಾವು ಗಂಗೆ ದಾಟಿದರೆ ಸಾಕು. ರಾಮನಗರದ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಪಲ್ಲಕ್ಕಿಗಳ ಜೊತೆಗೆ ಹಳೆಯ ಅಮೆರಿಕನ್ ಕಾರುಗಳೂ ಇವೆ. ಅರಸರ ಕಾರಿಗೆ ಸಲ್ಲುತ್ತಿದ್ದ ಮರ್ಯಾದೆ ಈಗ ಸಾಮಾನು ಹೊತ್ತು ದುಡಿದ ಪಿಕಪ್ ಗಾಡಿಗೂ ಸಲ್ಲುತ್ತಿದೆ. ದುಡಿಯುವವರಾದ ನಮಗೆ ಇದು ಸಂತೋಷದ ಮಾತು.

ಇಂಥ ಗಾಡಿ ಷೆಡ್ಡಿಗೆ ಬಂದಾಗ ಹಣ ಯಾರದ್ದೇ ಇರಲಿ, ಅದನ್ನು ಮುಟ್ಟುವ ಕೈ ಕೆಲಸಗಾರನದು. ಎಂಜಿನು ಕೆಟ್ಟರೆ ಮತ್ತೆ ಬಿಚ್ಚಿ ಕಟ್ಟಬಹುದು. ಹಳೆಯ ಬಣ್ಣವನ್ನು ಒಮ್ಮೆ ಕೆರೆದು ಹಾಕಿದರೆ ಮತ್ತೆ ಅದು ಬಾರದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದುದರಿಂದ ಗಾಡಿಯ ನಿಜವಾದ ಬಣ್ಣವನ್ನು ಕಂಡುಕೊಳ್ಳುವುದು ಹೇಗೆ, ಅದಕ್ಕೆ ತಕ್ಕ ಪೇಂಟನ್ನು ಆರಿಸುವುದು ಹೇಗೆ, ಹಾಗೆ ಮಾಡುವಾಗ ಮೈಯನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

೧. ಕೆರೆಯುವ ಮುನ್ನ ಓದಬೇಕು

ಗುಮಾಸ್ತರಾದ ನಮಗೆ ಲೆಕ್ಕದ ಪುಸ್ತಕದ ಅಭ್ಯಾಸ ಉಂಟು. ತಿದ್ದಿದ ಅಂಕಿಯ ಕೆಳಗೆ ಮೂಲದ ಅಂಕಿ ಇದ್ದೇ ಇರುತ್ತದೆ. ಗಾಡಿಯ ಮೈಯೂ ಹಾಗೆಯೇ. ಮೇಲಿನ ಬಣ್ಣ ನಿನ್ನೆಯದು, ಅದರ ಕೆಳಗೆ ಹತ್ತು ವರ್ಷ ಹಿಂದಿನದು, ತಳದಲ್ಲಿ ಕಾರ್ಖಾನೆಯದು.

ಬಿಸಿಲು ಮಳೆ ತಾಗದ ಜಾಗಗಳನ್ನು ಮೊದಲು ಹುಡುಕಿರಿ: ಸೀಟಿನ ಹಿಂಬದಿ, ಡ್ಯಾಶ್‌ಬೋರ್ಡಿನ ಒಳಗು, ಬಾಗಿಲು ಕೂಡುವ ಸಂದು, ರಬ್ಬರ್ ಪಟ್ಟಿಯ ಅಡಿ, ಕಂಪನಿಯ ತಗಡು ಫಲಕದ ಹಿಂದೆ. ಮರುಬಣ್ಣ ಹೊಡೆಯುವವರು ಸಾಮಾನ್ಯವಾಗಿ ಇಲ್ಲಿಗೆ ಕೈ ಹಾಕುವುದಿಲ್ಲ.

ಆಮೇಲೆ ಹೊರಮೈಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ನಯವಾದ ವಾಟರ್ ಪೇಪರಿನಿಂದ, ನೀರು ಹಾಕುತ್ತ, ನಡುವಿನಲ್ಲಿ ಆಳವಾಗಿ ಅಂಚಿನಲ್ಲಿ ತೆಳುವಾಗಿ ಉಜ್ಜಿರಿ. ಕಡಿದ ಮರದಲ್ಲಿ ಕಾಣುವ ಉಂಗುರಗಳಂತೆ ಒಂದೊಂದು ಪದರವೂ ಒಂದೊಂದು ಉಂಗುರವಾಗಿ ಕಾಣುತ್ತದೆ. ಕಬ್ಬಿಣಕ್ಕೆ ತಾಗಿದ ಕೆಂಗಂದು ಇಲ್ಲವೆ ಬೂದು ಪದರ ಬಹುಮಟ್ಟಿಗೆ ಪ್ರೈಮರ್. ಅದನ್ನೇ ಗಾಡಿಯ ಬಣ್ಣವೆಂದು ತಿಳಿಯಬಾರದು. ಅದರ ಮೇಲೆ ಕೂತ ಮೊದಲ ಬಣ್ಣವೇ ಮೂಲ ಬಣ್ಣ. ಎರಡು ಬಣ್ಣಗಳ ನಡುವೆ ಮತ್ತೆ ಪ್ರೈಮರ್ ಬಂದರೆ, ಅದರಿಂದ ಮೇಲಿನದು ಮರುಬಣ್ಣವೆಂದು ತಿಳಿಯಬಹುದು. ಒಂದೇ ಕಡೆ ನೋಡಿ ತೀರ್ಮಾನಿಸಬೇಡಿ. ಬಾಗಿಲು, ಬಾನೆಟ್ಟು, ಮಡ್‌ಗಾರ್ಡು ಬೇರೆ ಗಾಡಿಯಿಂದ ಬಂದಿರಬಹುದು. ಕನಿಷ್ಠ ಮೂರು ಕಡೆ ಒಂದೇ ಸಾಕ್ಷಿ ದೊರೆಯಬೇಕು.

ಹಳೆಯ ಫೋಟೋ ಇದ್ದರೆ ಅಕ್ಷರ, ಗೆರೆ, ಪಟ್ಟೆಗಳನ್ನು ತಿಳಿಯಲು ಉಪಯೋಗ. ಬಣ್ಣ ತಿಳಿಯಲು ಕಪ್ಪು-ಬಿಳುಪು ಫೋಟೋವನ್ನು ನಂಬಬಾರದು. ಹಳೆಯ ಕೆಲವು ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಅವುಗಳಲ್ಲಿ ಕೆಂಪು ಗಾಡಿ ಕಪ್ಪಾಗಿ ಕಾಣುತ್ತದೆ.

೨. ಬಣ್ಣದ ಜಾತಿ

ಛಾಯೆ ಬೇರೆ, ಪೇಂಟಿನ ಜಾತಿ ಬೇರೆ. ಮೋಟಾರು ಬಂದ ಮೊದಲ ಕಾಲದಲ್ಲಿ ಎಣ್ಣೆ ಮತ್ತು ವಾರ್ನಿಷ್ ಬೆರೆತ ಬಣ್ಣವನ್ನು ಕುಂಚದಿಂದ ಬಳಿಯುತ್ತಿದ್ದರು. ಎಲ್ಲ ಪದರಗಳೂ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ೧೯೨೩-೨೪ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಂದು, ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಅಂಗಡಿಗಳಲ್ಲಿ ಎನ್.ಸಿ. ಪೇಂಟು ಎಂದು ಕೇಳಿದರೆ ಕೊಡುವುದು ಈ ಜಾತಿಯದು. ೧೯೩೦ರ ದಶಕದಲ್ಲಿ ಸಿಂಥೆಟಿಕ್ ಎನಾಮೆಲ್ ಬಳಕೆಗೆ ಬಂತು. ಎರಡು ಡಬ್ಬಿ ಬೆರೆಸುವ ಪಾಲಿಯುರಿಥೇನ್ ಬಣ್ಣ, ಮೇಲೆ ಗಾಜಿನಂತೆ ಕೂರುವ ಕ್ಲಿಯರ್ ಕೋಟು, ಇವು ಬಹಳ ಈಚಿನವು.

ಹಳೆಯ ಪದರ ಯಾವ ಜಾತಿಯದೆಂದು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ಹತ್ತಿಯನ್ನು ಎನ್.ಸಿ. ಥಿನ್ನರಿನಲ್ಲಿ ಅದ್ದಿ ಮರೆಯ ಜಾಗದಲ್ಲಿ ಒತ್ತಿರಿ. ಬಣ್ಣ ಕರಗಿ ಹತ್ತಿಗೆ ಬಂದರೆ ಲ್ಯಾಕರ್. ಕರಗದೆ ಉಬ್ಬಿ ಸುಕ್ಕುಗಟ್ಟಿದರೆ ಎನಾಮೆಲ್. ಎರಡೂ ಆಗದಿದ್ದರೆ ಈಚಿನ ಎರಡು ಡಬ್ಬಿಯ ಬಣ್ಣವಿರಬಹುದು. ಥಿನ್ನರ್ ಬಲುಬೇಗ ಬೆಂಕಿ ಹಿಡಿಯುವ ವಸ್ತು. ಪರೀಕ್ಷೆಯನ್ನು ಬಯಲಿನಲ್ಲಿ ಮಾಡಿರಿ, ಬೀಡಿ ಸೇದುವವರನ್ನು ದೂರವಿರಿಸಿ.

ಈ ಪರೀಕ್ಷೆಯಿಂದ ಇನ್ನೊಂದು ಪ್ರಯೋಜನವೂ ಉಂಟು. ಎನಾಮೆಲ್ಲಿನ ಮೇಲೆ ಲ್ಯಾಕರ್ ಹೊಡೆದರೆ ಅದರ ಥಿನ್ನರ್ ಕೆಳಗಿನ ಪದರವನ್ನು ಎಬ್ಬಿಸಿ, ಇಡೀ ಕೆಲಸ ಹಾಳಾಗುವ ಸಂಭವವಿದೆ. ತಳ ತಿಳಿಯದೆ ಮೇಲೆ ಕಟ್ಟಬಾರದು.

೩. ಗಾಡಿ ಎಲ್ಲಿ ಬಣ್ಣ ಕಂಡಿತು?

ಇಲ್ಲಿ ಅನೇಕರು ಎಡವುತ್ತಾರೆ. ಅಮೆರಿಕದ ಬಣ್ಣದ ಪಟ್ಟಿಯನ್ನು ತರಿಸಿ ಅದರಂತೆಯೇ ಹೊಡೆಸುತ್ತಾರೆ. ೧೯೪೭ರ ನಂತರದ ಷೆವರ್ಲೆ ಪಿಕಪ್‌ಗಳಿಗೆ ಅಲ್ಲಿಯ ಸಾಮಾನ್ಯ ಬಣ್ಣ ದಟ್ಟವಾದ ಕಾಡುಹಸಿರು ಎಂಬುದು ನಿಜ. ಆದರೆ ಜನರಲ್ ಮೋಟಾರ್ಸ್ ಕಂಪನಿ ೧೯೨೮ರಿಂದ ಮುಂಬಯಿಯ ಶಿವಡಿಯಲ್ಲಿಯೇ ಗಾಡಿ ಜೋಡಿಸುತ್ತಿತ್ತು. ಮಹೀಂದ್ರರು ೧೯೪೭ರಲ್ಲಿ ವಿಲ್ಲೀಸ್ ಜೀಪಿನ ಜೋಡಣೆ ಆರಂಭಿಸಿದರು. ಎಷ್ಟೋ ಲಾರಿಗಳು ಬರಿಯ ಚಾಸಿಯಾಗಿ ಮಾರಾಟವಾಗಿ, ಅವುಗಳ ಮೈಯನ್ನು ಊರಿನ ಬಡಗಿ, ಕಮ್ಮಾರರು ಕಟ್ಟಿದರು. ಊರಿನ ಪೇಂಟರೇ ಬಣ್ಣ ಬಳಿದು ಬಾಗಿಲ ಮೇಲೆ ಅಂಗಡಿಯ ಹೆಸರು ಬರೆದ. ಅಂಥ ಗಾಡಿಗೆ ಪರದೇಶದ ಪಟ್ಟಿ ಒಂದು ಸಾಕ್ಷಿ ಮಾತ್ರ, ತೀರ್ಪಲ್ಲ.

ಬಣ್ಣದ ಡಬ್ಬಿಯೂ ಇಲ್ಲಿಯದೇ ಇರಬಹುದು. ಹೌರಾದಲ್ಲಿ ಶಾಲಿಮಾರ್ ಪೇಂಟ್ಸ್ ೧೯೦೨ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿತು. ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಬರುವುದು ಅಲ್ಲಿಂದಲೇ. ಇಲ್ಲಿಯ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿದ್ದವರೂ ಆ ಪ್ರಭುಗಳೇ ಎಂಬುದನ್ನು ಕಾಶಿಯ ಕನ್ನಡಿಗರು ನೆನೆಯುವುದು ಉಚಿತ.

ಹಾಗಾದರೆ ಕಾರ್ಖಾನೆಯ ಬಣ್ಣ ನಿಜವೋ, ಊರ ಪೇಂಟರನ ಬಣ್ಣ ನಿಜವೋ? ಎರಡೂ ನಿಜ. ಒಂದು ಕಾಲವನ್ನು ಆರಿಸಿಕೊಂಡು ಅದಕ್ಕೆ ನಿಷ್ಠರಾಗಿರಬೇಕು. ಹುಟ್ಟಿದ ವರ್ಷದ ಬಣ್ಣ ಬೇಕೆಂದರೆ ಎಲ್ಲ ಭಾಗವೂ ಆ ವರ್ಷದ್ದಾಗಿರಲಿ. ದುಡಿದ ಕಾಲದ್ದು ಬೇಕೆಂದರೆ ಬಾಗಿಲ ಮೇಲಿನ ಕೈಬರಹವನ್ನು ಉಳಿಸಿಕೊಳ್ಳಿ. ಉಳಿಸಲಾಗದಿದ್ದರೆ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ತೆಳು ಕಾಗದದ ಮೇಲೆ ಪಡಿಯಚ್ಚು ಮಾಡಿಕೊಂಡ ಮೇಲೆಯೇ ಕೆಲಸಕ್ಕೆ ತೊಡಗಿ.

೪. ಛಾಯೆ ಹೊಂದಿಸುವುದು

ಬಿಸಿಲು ಕಂಡ ಬಣ್ಣ ಮಾಸುತ್ತದೆ. ಎಣ್ಣೆಯ ಬಣ್ಣ ಕತ್ತಲೆಯಲ್ಲಿದ್ದರೆ ಹಳದಿಗೆ ತಿರುಗುತ್ತದೆ. ಮರೆಯಲ್ಲಿ ಕೆನೆಬಣ್ಣವಾಗಿ ಕಾಣುವುದು ಮೊದಲು ಬಿಳಿಯದೇ ಇದ್ದಿರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಆದುದರಿಂದ ಮರೆಯ ಜಾಗವನ್ನೂ ಪಾಲೀಷು ಮಾಡಿದ ಹೊರಜಾಗವನ್ನೂ ಕೂಡಿಸಿ ನೋಡಬೇಕು. ದೊಡ್ಡ ಅಂಗಡಿಗಳಲ್ಲಿ ಬಣ್ಣ ಅಳೆಯುವ ಯಂತ್ರವಿದೆ. ಯಂತ್ರದ ಲೆಕ್ಕದಂತೆ ಬೆರೆಸಿದ ಬಣ್ಣವನ್ನೂ ಮೊದಲು ಒಂದು ತಗಡಿನ ಮೇಲೆ ಹೊಡೆದು, ಒಣಗಿದ ಮೇಲೆ, ಹಗಲು ಬೆಳಕಿನಲ್ಲಿ ಹೋಲಿಸಿರಿ. ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣ ಬಿಸಿಲಿನಲ್ಲಿ ಬೇರೆಯಾಗುವುದುಂಟು.

ಪ್ರದರ್ಶನಕ್ಕೆ ನಿಲ್ಲುವ ಗಾಡಿಗೆ ಮೂಲ ಲ್ಯಾಕರ್ ಆಗಿದ್ದರೆ ಎನ್.ಸಿ. ತಕ್ಕದ್ದು. ರಸ್ತೆಯಲ್ಲಿ ಓಡುವ ಗಾಡಿಗೆ ಸಾದಾ ಸಿಂಥೆಟಿಕ್ ಎನಾಮೆಲ್ ಮೇಲು. ಹಳೆಯ ಕಾಲದ ಮಂದ ಹೊಳಪಿಗೆ ಅದು ಹತ್ತಿರವೂ ಹೌದು, ಬೆಲೆಯೂ ಕಡಿಮೆ. ದುಡಿಮೆಯ ಗಾಡಿಗೆ ಮಿನುಗುವ ಮೆಟಾಲಿಕ್ ಬಣ್ಣವೂ ಗಾಜಿನಂಥ ಹೊಳಪೂ ಒಪ್ಪುವುದಿಲ್ಲ.

ಕಾಲವನ್ನೂ ನೋಡಬೇಕು. ಕಾಶಿಯ ಮಳೆಗಾಲದ ತೇವದಲ್ಲಿಯೂ ಪುಷ್ಯಮಾಸದ ಮಂಜಿನಲ್ಲಿಯೂ ಲ್ಯಾಕರ್ ಹೊಡೆದರೆ ಬಿಳಿಯ ಮಬ್ಬು ಕವಿಯುತ್ತದೆ. ಬೇಸಗೆಯ ಲೂ ಗಾಳಿ ಧೂಳು ತರುತ್ತದೆ. ದಸರೆಯ ನಂತರದ ಒಣ ದಿನಗಳು, ಇಲ್ಲವೆ ಫೆಬ್ರವರಿಯಿಂದ ಮಾರ್ಚಿನವರೆಗಿನ ದಿನಗಳು ಒಳ್ಳೆಯವು. ಹೋಳಿ ಕಳೆಯುವವರೆಗೆ ಮಾತ್ರ ಗಾಡಿ ಒಳಗೇ ಇರಲಿ!

೫. ಕಾಯಿದೆಯ ಮಾತು

ಸೈನ್ಯದಿಂದ ವಿಲೇವಾರಿಯಾದ ಹಳೆಯ ಗಾಡಿಗಳ ಮೂಲ ಬಣ್ಣ ಆಲಿವ್ ಹಸಿರು. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ ೧೨೧ನೆಯ ನಿಯಮದಂತೆ ರಕ್ಷಣಾ ಇಲಾಖೆಯ ವಾಹನಗಳ ಹೊರತು ಬೇರೆ ಗಾಡಿಗೆ ಆ ಬಣ್ಣ ಹೊಡೆಯುವಂತಿಲ್ಲ. ಮೂಲ ಬಣ್ಣ ಅದೇ ಎಂಬ ವಾದ ರಸ್ತೆಯಲ್ಲಿ ನಡೆಯದು. ಆರ್.ಸಿ. ಪುಸ್ತಕದಲ್ಲಿ ಬರೆದ ಬಣ್ಣಕ್ಕೂ ಗಾಡಿಯ ಬಣ್ಣಕ್ಕೂ ಹೊಂದಿಕೆ ಇರಬೇಕು; ಬದಲಾಯಿಸುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ. ೨೦೨೧ರ ನಿಯಮಗಳಂತೆ ೫೦ ವರ್ಷ ದಾಟಿ ಮೂಲ ರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಶುಲ್ಕ ೨೦,೦೦೦ ರೂಪಾಯಿ, ಅವಧಿ ೧೦ ವರ್ಷ. ಅಂಥ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ.

೬. ಬಣ್ಣ ಹೊಡೆಯುವವನ ಎದೆ

ಕೊನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಹಳೆಯ ಕಿತ್ತಳೆಗೆಂಪು ಪ್ರೈಮರಿನಲ್ಲಿಯೂ ಹಳದಿ ಬಣ್ಣಗಳಲ್ಲಿಯೂ ಸೀಸ ಇರುವುದುಂಟು. ಒಣಗಿದ ಉಪ್ಪುಕಾಗದದಿಂದ ಉಜ್ಜಿದರೆ ಆ ಧೂಳು ಎದೆಗೆ ಹೋಗುತ್ತದೆ, ಬಟ್ಟೆಯಲ್ಲಿ ಮನೆಗೆ ಹೋಗುತ್ತದೆ, ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕೆಡಿಸುತ್ತದೆ. ಆದುದರಿಂದ ನೀರು ಹಾಕಿಯೇ ಉಜ್ಜಿರಿ. ಬೆಂಕಿಯಿಂದ ಸುಟ್ಟು ತೆಗೆಯಬೇಡಿ. ಕೆಲಸದ ಬಟ್ಟೆಯನ್ನು ಷೆಡ್ಡಿನಲ್ಲಿಯೇ ಬಿಟ್ಟು ಬನ್ನಿ. ಊಟಕ್ಕೆ ಮೊದಲು ಮಾತ್ರವಲ್ಲ, ಪಾನ್ ಬಾಯಿಗೆ ಹಾಕುವ ಮೊದಲೂ ಸಾಬೂನಿನಿಂದ ಕೈ ತೊಳೆಯಿರಿ.

ಎರಡು ಡಬ್ಬಿಯ ಬಣ್ಣದ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ವಿಷವಿದೆ. ಅದರ ತುಂತುರು ಉಸಿರಿಗೆ ಹೋದರೆ ಬಿಡದ ಉಬ್ಬಸ ಬರಬಹುದು. ಮುಖಕ್ಕೆ ಕಟ್ಟಿದ ಗಮ್ಛಾ ಅದನ್ನು ತಡೆಯಲಾರದು. ಹೊರಗಿನಿಂದ ಶುದ್ಧ ಗಾಳಿ ತರುವ ಮುಖವಾಡ ಬೇಕು. ಅದನ್ನು ಕೊಡದ ಯಜಮಾನರಿಗೆ, ಈ ಗಾಡಿಗೆ ಎನಾಮೆಲ್ಲೇ ತಕ್ಕ ಬಣ್ಣವೆಂದು ವಿನಯದಿಂದ ಹೇಳಿರಿ. ಅದು ಸುಳ್ಳೂ ಅಲ್ಲ. ಹಳೆಯ ಗಾಡಿಗೆ ಹಳೆಯ ಬಣ್ಣ ಮರಳಲಿ. ಅದನ್ನು ಮರಳಿಸಿದವನು ಸಂಜೆ ಆರೋಗ್ಯದಿಂದ ಮನೆಗೆ ಮರಳಲಿ.